ಇಳಿಸಿದ ಶ್ರುತಿ

ಗೈತಾನೊ ಹೊಸ ಆಲ್ಬಂ ಮಾಡುತ್ತಾನಂತೆ, ಅದೂ ಬರೀ ಪ್ರೇಮಗೀತೆಗಳದ್ದು, ಎಂಬ ಸುದ್ದಿ ಒಂಬತ್ತನೇ ಬೀದಿಯ ಸಂತೆಯಲ್ಲಿ ಹರಡಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಡಬೇಕಾಗಿದ್ದವನು ಮೆರಿಗೊ. ಎಲ್ಲರಿಗಿಂತ ಹೆಚ್ಚು ಹೆದರಿದವನೂ ಅವನೇ.

"ಎಪ್ಪತ್ತೊಂದು ವರ್ಷದ ಮುದುಕ ಯಾರಿಗಪ್ಪಾ ಪ್ರೇಮಗೀತೆ ಹಾಡೋದು? ಡಾಕ್ಟರಿಗಾ?" ಎಂದು ಮೀನಂಗಡಿಯ ರೊಕ್ಕೊ ಕೆಣಕಿದ.

"ನಿಮ್ಮತ್ತೆಗೆ," ಎಂದು ಮೆರಿಗೊ ಹೇಳಿ, ಕಾಗದದಲ್ಲಿ ಸುತ್ತಿಕೊಟ್ಟ ಮೀನು ತೆಗೆದುಕೊಂಡು ನಡೆದ. ಅಂಗಡಿ ತುಂಬ ನಗು. ಆದರೆ ಮೂಲೆ ತಿರುಗುವಷ್ಟರಲ್ಲಿ ಅವನ ಮುಖದ ನಗು ಇಳಿದುಹೋಗಿತ್ತು.

ದಕ್ಷಿಣ ಫಿಲಡೆಲ್ಫಿಯಾದ ಆ ಬೀದಿಗಳಲ್ಲಿ ಗೈತಾನೊನನ್ನು ತಿಳಿಯದವರಿರಲಿಲ್ಲ. ಪೋಸ್ಟರಿನ ಮೇಲೆ ಅವನ ಹೆಸರು ಗೈ ಡರೆಲ್. ಆಗಿನ ಕಾಲದಲ್ಲಿ ಇಟಲಿಯ ಹೆಸರಿಟ್ಟುಕೊಂಡವನಿಗೆ ಒಳ್ಳೆಯ ಹೋಟೆಲುಗಳ ಬಾಗಿಲು ತೆರೆಯುತ್ತಿರಲಿಲ್ಲ. ಮೈಕಿನ ಹತ್ತಿರ ಬಾಯಿ ತಂದು, ಪಕ್ಕದಲ್ಲಿ ಕೂತವಳ ಕಿವಿಯಲ್ಲಿ ಹೇಳಿದ ಹಾಗೆ ಮೆಲ್ಲಗೆ ಹಾಡುವ ಗಾಯಕರ ಸಾಲಿನಲ್ಲಿ ಅವನು ಕೊನೆಯವನು. ಐವತ್ತರ ದಶಕದಲ್ಲಿ ಮೂರು ರೆಕಾರ್ಡು ಬಂದಿದ್ದವು. ಆಮೇಲೆ ಗಿಟಾರಿನ ಹುಡುಗರು ಬಂದರು, ರೆಕಾರ್ಡು ಕಂಪನಿಯವರು ಫೋನ್ ಮಾಡುವುದನ್ನು ಬಿಟ್ಟರು. ಅಲ್ಲಿಂದ ಮುಂದಕ್ಕೆ ಊಟದ ಕ್ಲಬ್ಬುಗಳು, ಮದುವೆಗಳು, ಬೇಸಿಗೆಯಲ್ಲಿ ಸಮುದ್ರ ದಂಡೆಯ ಹೋಟೆಲುಗಳು. ಎಲ್ಲೇ ಹಾಡಲಿ, ಅವನ ಹಿಂದೆ ಪಿಯಾನೊ ಮುಂದೆ ಕೂತವನು ಮೆರಿಗೊ ಫುಸ್ಕೊ. ನಲವತ್ತಮೂರು ವರ್ಷ. ಗೈತಾನೊನ ಮಗನಿಗೆ ಜ್ಞಾನಸ್ನಾನ ಮಾಡಿಸುವಾಗ ಮಗುವನ್ನು ಕೈಯಲ್ಲಿ ಹಿಡಿದವನೂ ಅವನೇ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು 'ಕುಂಪಾ' ಎಂದು ಕರೆಯುತ್ತಿದ್ದರು. ಆ ಜನರಲ್ಲಿ ಅದು ಒಡಹುಟ್ಟಿದವನಿಗಿಂತ ಒಂದು ಕೈ ಹೆಚ್ಚು; ಒಡಹುಟ್ಟಿದವರನ್ನು ನಾವು ಆರಿಸಿಕೊಳ್ಳುವುದಿಲ್ಲವಲ್ಲ.

ಗೈತಾನೊಗೆ ಸ್ವರ ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ಕಿವಿಯಿಂದ ಕಲಿತವನು. ಪಿಯಾನೊ ನಾಲ್ಕು ತಾಳ ಮುಂಚಿತವಾಗಿ ನುಡಿದರೆ ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿಯುತ್ತಿದ್ದ. ಅದು ಯಾವ ಶ್ರುತಿ ಎಂದು ಅವನು ಕೇಳಿದವನೇ ಅಲ್ಲ. ಆದರೆ ಒಂದು ವಿಷಯದಲ್ಲಿ ಅವನಿಗೆ ಬಹಳ ಹೆಮ್ಮೆ. ಮದುವೆ ಮನೆಯಲ್ಲಿ, ಕ್ಷೌರದಂಗಡಿಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ, ಎಲ್ಲಿ ನಾಲ್ಕು ಜನ ಸಿಕ್ಕಿದರೂ ಹೇಳುತ್ತಿದ್ದ: ಐವತ್ತಮೂರರಲ್ಲಿ ರೆಕಾರ್ಡಿಗೆ ಹಾಡಿದ ಶ್ರುತಿಯಲ್ಲೇ ಇವತ್ತಿಗೂ ಹಾಡುತ್ತೇನೆ, ಒಂದು ಕೂದಲೆಳೆಯಷ್ಟೂ ಇಳಿಸಿಲ್ಲ. ಜನ ತಲೆದೂಗುತ್ತಿದ್ದರು. ಮೆರಿಗೊ ಪಕ್ಕದಲ್ಲಿ ನಿಂತು ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ಏಕೆಂದರೆ ಶ್ರುತಿ ಇಳಿದಿತ್ತು. ಇಳಿಸಿದವನು ಅವನೇ.

ಅದು ಶುರುವಾದದ್ದು ಎಂಬತ್ತನೇ ಇಸವಿಯ ಬೇಸಿಗೆಯಲ್ಲಿ, ವೈಲ್ಡ್‌ವುಡ್ ಎಂಬ ಸಮುದ್ರ ದಂಡೆಯ ಊರಿನಲ್ಲಿ. ಒಂದು ಹಾಡಿನ ಕೊನೆಗೆ ಎತ್ತರದ ಸ್ವರವಿತ್ತು. ಅಲ್ಲಿಗೆ ಬಂದಾಗ ಗೈತಾನೊನ ಹೆಗಲು ಕಿವಿಯ ಹತ್ತಿರಕ್ಕೆ ಏರಿದ್ದನ್ನು ಮೆರಿಗೊ ಹಿಂದಿನಿಂದ ನೋಡಿದ. ಮುಂದೆ ಕೂತವರಿಗೆ ಗಾಯಕನ ಮುಖ ಕಾಣುತ್ತದೆ, ನಗು ಕಾಣುತ್ತದೆ. ಪಿಯಾನೊದವನಿಗೆ ಕಾಣುವುದು ಕತ್ತಿನ ನರ. ಆ ನರ ಸುಳ್ಳು ಹೇಳುವುದಿಲ್ಲ. ಮರುದಿನ ಅದೇ ಹಾಡು ಬಂದಾಗ ಮೆರಿಗೊ ಯಾರಿಗೂ ಹೇಳದೆ ಒಂದು ಮನೆ ಕೆಳಗೆ, ಪಕ್ಕದ ಕೀಲಿಯಿಂದ, ಬಾರಿಸಿದ. ಹಾರ್ಮೋನಿಯಂ ಕಲಿತವರಿಗೆ ಗೊತ್ತು, ಒಂದು ಮನೆ ಎಂದರೆ ಎಷ್ಟು ಸಣ್ಣದು, ಸೋತ ಗಂಟಲಿಗೆ ಅದು ಎಷ್ಟು ದೊಡ್ಡದು.

ಹಾಡು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು. ಒಳಗೆ ಬಂದ ಗೈತಾನೊ ಟೈ ಸಡಿಲಿಸುತ್ತ, "ಇವತ್ತು ಗಂಟಲು ನೋಡಿದೆಯಾ ಕುಂಪಾ? ಸಮುದ್ರದ ಗಾಳಿ," ಎಂದ.

ಮೆರಿಗೊ ಹೌದು, ಸಮುದ್ರದ ಗಾಳಿ ಎಂದ. ಅವನು ಹೇಳಿದ ಮೊದಲ ಸುಳ್ಳು ಅದು. ಅದನ್ನೂ ಪಾಪ, ಗೈತಾನೊನೇ ಅವನ ಬಾಯಿಗೆ ಇಟ್ಟುಕೊಟ್ಟಿದ್ದ.

ಹಾಡುವವರ ಬೆನ್ನ ಹಿಂದೆ ಶ್ರುತಿ ಇಳಿಸುವುದು ವಾದ್ಯದವರಲ್ಲಿ ಹೊಸತೇನಲ್ಲ. ವಯಸ್ಸಾದವರ ತಟ್ಟೆಗೆ ಮೆತ್ತಗಿನ ಅನ್ನ ಬಡಿಸುವ ಹಾಗೆ, ಕೇಳದೆ ಮಾಡುವ ಉಪಕಾರ. ಅದಕ್ಕೊಂದು ಸನ್ನೆಯೂ ಇದೆ. ಪಿಯಾನೊದವನು ಎಡಗೈಯನ್ನು ತೊಡೆಯ ಪಕ್ಕಕ್ಕೆ ತಂದು ಬೆರಳುಗಳನ್ನು ಕೆಳಮುಖವಾಗಿ ಚಾಚುತ್ತಾನೆ. ಎಷ್ಟು ಬೆರಳು ಎಂಬುದರ ಮೇಲೆ ಹಿಂದಿನ ಬೇಸ್ ವಾದ್ಯದವನಿಗೆ ಶ್ರುತಿ ತಿಳಿಯುತ್ತದೆ. ಗಾಯಕ ಜನರ ಕಡೆ ಮುಖ ಮಾಡಿರುತ್ತಾನೆ, ಅವನಿಗೆ ಕಾಣುವುದಿಲ್ಲ. ಐದು ವರ್ಷಕ್ಕೆ ಮತ್ತೊಂದು ಮನೆ ಇಳಿಯಿತು. ತೊಂಬತ್ತರಲ್ಲಿ ಇನ್ನೊಂದು. ಅಷ್ಟರಲ್ಲಿ ಆರೇಳು ಮಂದಿ ಬೇಸ್ ವಾದ್ಯದವರು ಬಂದು ಹೋಗಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಕಾಗದದ ಮೇಲೆ ಮಾತ್ರ ಮೆರಿಗೊ ಏನನ್ನೂ ತಿದ್ದಲಿಲ್ಲ. ಹಳೆಯ ಚರ್ಮದ ಚೀಲದಲ್ಲಿ ಐವತ್ತಮೂರರ ಹಾಳೆಗಳು, ಕ್ಲಬ್ಬಿನಲ್ಲಿ ಮಾತ್ರ ಹಾಡುತ್ತಿದ್ದ ನಿಧಾನದ ಹಾಡುಗಳದ್ದೂ ಸೇರಿ, ಐವತ್ತಮೂರರ ಶ್ರುತಿಯಲ್ಲೇ ಇದ್ದವು. ಬರೆದಿಟ್ಟರೆ ಯಾರಾದರೂ ಓದುತ್ತಾರೆ ಎಂಬ ಭಯ. ಬೆರಳಲ್ಲಿದ್ದರೆ ಯಾರೂ ಓದಲಾರರು.

ಅದು ಇಷ್ಟಕ್ಕೇ ನಿಂತಿದ್ದರೆ ಉಪಕಾರವೆಂದೇ ಹೇಳಬಹುದಿತ್ತು. ಆದರೆ ನಡುವೆ ಅಸುಂತಾ ಇದ್ದಳು.

ಅಸುಂತಾ ಗೈತಾನೊನ ಹೆಂಡತಿ. ಗಂಡನ ಹಾಡನ್ನು ಬದುಕೆಲ್ಲ ಅವಳು ಕೇಳಿದ್ದು ತಟ್ಟೆ ಲೋಟಗಳ ಸದ್ದಿನ ನಡುವೆ, ಬೇರೆ ಹೆಂಗಸರು ನಿಟ್ಟುಸಿರು ಬಿಡುವುದನ್ನು ನೋಡುತ್ತ. ಆ ಮೂರು ಹಳೆಯ ರೆಕಾರ್ಡುಗಳಲ್ಲಿ ತುತ್ತೂರಿಗಳ ಅಬ್ಬರವೇ ಹೆಚ್ಚು. ಕಂಪನಿಯವರಿಗೆ ಕುಣಿಯುವ ಹಾಡು ಬೇಕಾಗಿತ್ತು. ಅವಳಿಗೆ ಇಷ್ಟವಾದ ನಿಧಾನದ ಹಾಡುಗಳು ಯಾವುವೂ ಅದರಲ್ಲಿರಲಿಲ್ಲ. ಎಂಬತ್ತರ ಆಚೆ ಅವಳು ಒಂದೇ ಪಲ್ಲವಿ ಹಿಡಿದಳು: "ಊರ ಹೆಂಗಸರಿಗೆಲ್ಲ ಹಾಡಿದ್ದಾಯ್ತು. ಮನೇಲಿ ಕೂತು ಕೇಳೋಕೆ ನನಗೊಂದು ಮಾಡಿಕೊಡು." ಗೈತಾನೊ ಆಗಲಿ ಎನ್ನುತ್ತಿದ್ದ. ಮುಂದಿನ ವರ್ಷ ಎನ್ನುತ್ತಿದ್ದ. ಗಂಟಲು ಎಲ್ಲಿಗೆ ಓಡಿಹೋಗುತ್ತದೆ ಎನ್ನುತ್ತಿದ್ದ. ಅವನಿಗೆ ನಿಜವಾಗಿಯೂ ಹಾಗನ್ನಿಸಿತ್ತು. ಹಾಗನ್ನಿಸುವಂತೆ ನೋಡಿಕೊಂಡವನು ಮೆರಿಗೊ.

ಎಂಬತ್ತನಾಲ್ಕರ ಈಸ್ಟರಿನ ಹಿಂದಿನ ದಿನ ಅಸುಂತಾ ಅಡುಗೆಮನೆಯಲ್ಲಿ ಹಬ್ಬದ ಸಿಹಿಗೆಂದು ರಿಕೊಟ್ಟಾ ಗಿಣ್ಣನ್ನು ಜರಡಿಯಲ್ಲಿ ಒತ್ತುತ್ತಿದ್ದಳು. ಮೆರಿಗೊ ನಿಂಬೆಹಣ್ಣಿನ ಸಿಪ್ಪೆ ತುರಿಯುತ್ತಿದ್ದ. ಆ ಮನೆಯಲ್ಲಿ ಅವನು ಕೈಕಟ್ಟಿ ಕೂತದ್ದೇ ಇಲ್ಲ. ಗೈತಾನೊ ಮುಂದಿನ ಕೋಣೆಯಲ್ಲಿ ಟೀವಿ ಹಾಕಿಕೊಂಡಿದ್ದ. ಅವಳು ಕೈ ನಿಲ್ಲಿಸಿ, ಸೊಲ್ಲು ತಗ್ಗಿಸಿ ಕೇಳಿದಳು.

"ಕುಂಪಾ, ನಿಜ ಹೇಳು. ಇವನ ಗಂಟಲಿಗೆ ಇನ್ನೆಷ್ಟು ವರ್ಷ ಇದೆ? ನಂಗೆ ಹಾಡಿನ ಲೆಕ್ಕ ಗೊತ್ತಾಗಲ್ಲ. ನಿಂಗೆ ಗೊತ್ತಿರತ್ತೆ. ಈಗಲೇ ಹಟ ಮಾಡ್ಲಾ, ಅಥವಾ ಕಾಯ್ಬಹುದಾ?"

ಉತ್ತರ ಅವನ ನಾಲಿಗೆಯ ತುದಿಯಲ್ಲಿತ್ತು. ಆಗಲೇ ಒಂದು ಮನೆ ಇಳಿದಿದೆ, ಇನ್ನೊಂದು ಇಳಿಯುವ ಹಾಗಿದೆ, ಈಗಲೇ ಹಟ ಮಾಡು. ಅಷ್ಟು ಹೇಳಿದ್ದರೆ ಆಗುತ್ತಿತ್ತು. ಆದರೆ ಹೇಳಿದರೆ ಅವಳು ಗಂಡನ ಮುಖ ನೋಡುವ ರೀತಿ ಬದಲಾಗುತ್ತದೆ, ಅವನಿಗೆ ಅನುಮಾನ ಬರುತ್ತದೆ, ಅನುಮಾನ ಬಂದ ಗಂಟಲು ಅರ್ಧ ಸತ್ತ ಹಾಗೆ. ಬೇಸಿಗೆಯ ಹೋಟೆಲುಗಳು ಹೋಗುತ್ತವೆ. ಹೀಗೆಲ್ಲ ಅವನು ಯೋಚಿಸಿದ್ದುಂಟು. ಅದರ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಅವನು ತನ್ನಲ್ಲೇ ಒಪ್ಪಿಕೊಂಡದ್ದು ಎಷ್ಟೋ ವರ್ಷದ ಮೇಲೆ: ಒಬ್ಬ ಗಾಯಕನ ಧ್ವನಿ ತನ್ನ ಹತ್ತು ಬೆರಳುಗಳಲ್ಲಿದೆ, ತನ್ನನ್ನು ಬಿಟ್ಟರೆ ಅವನಿಲ್ಲ ಎಂಬ ಗುಟ್ಟು ಒಳಗೊಳಗೇ ರುಚಿಯಾಗಿತ್ತು.

"ಅವಸರ ಏನಿದೆ ಕುಮ್ಮಾ," ಎಂದ; ಕುಂಪಾನ ಹೆಂಡತಿ ಅವನಿಗೆ ಕುಮ್ಮಾ. "ಇನ್ನೂ ಹತ್ತು ವರ್ಷ ಹೀಗೇ ಹಾಡ್ತಾನೆ."

"ಹಾಗಾದ್ರೆ ಸರಿ," ಎಂದು ಅವಳು ಮತ್ತೆ ಜರಡಿ ಎತ್ತಿಕೊಂಡಳು. "ನಾನೂ ಎಲ್ಲಿಗೂ ಹೋಗಲ್ಲ."

ತೊಂಬತ್ತೊಂದರ ಚಳಿಗಾಲದಲ್ಲಿ ಹೊಟ್ಟೆನೋವೆಂದು ಮಲಗಿದವಳು ಏಳು ವಾರದಲ್ಲಿ ಹೋಗಿಬಿಟ್ಟಳು. ಅಡುಗೆಯ ಅಳತೆ ಬರೆದಿಟ್ಟ ತಗಡಿನ ಡಬ್ಬಿಯಲ್ಲಿ ಒಂದು ಚೀಟಿ ಗೈತಾನೊನ ಕೈಗೆ ಸಿಕ್ಕಿತು. ಹತ್ತು ಹಾಡುಗಳ ಹೆಸರು, ಅವಳದೇ ಉರುಟು ಅಕ್ಷರದಲ್ಲಿ. ಅವನು ಅದನ್ನು ಎರಡು ವರ್ಷ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ. ಆಮೇಲೆ ಒಂದು ದಿನ ನೋರಾ ಲುಬಿನ್ ಬಂದಳು.

ನೋರಾಳಿಗೆ ಮೂವತ್ತನಾಲ್ಕು ವರ್ಷ. ನ್ಯೂಯಾರ್ಕಿನಲ್ಲಿ ಒಂದು ಸಣ್ಣ ರೆಕಾರ್ಡು ಕಂಪನಿ, ವಾದ್ಯಗಳಿಗೆ ಸ್ವರ ಬರೆಯುವವಳೂ ಅವಳೇ. ಅವಳ ಅಪ್ಪನ ಹತ್ತಿರ ಗೈ ಡರೆಲ್‌ನ ಮೂರೂ ರೆಕಾರ್ಡು ಇದ್ದವಂತೆ. ಅವುಗಳನ್ನು ಕೇಳಿಯೇ ಬೆಳೆದೆ ಎಂದಳು. ಇಪ್ಪತ್ತೆರಡು ವಾದ್ಯಗಳನ್ನು ಕೂರಿಸಿ, ಹಳೆಯ ಕಾಲದ ಹಾಗೆ ಎಲ್ಲರೂ ಒಟ್ಟಿಗೆ ಒಂದೇ ಸಲ ನುಡಿಸಿ ರೆಕಾರ್ಡು ಮಾಡೋಣ ಎಂದಳು. ಭಾನುವಾರದ ಊಟಕ್ಕೆ ಕರೆದಿದ್ದರು. ಬೆಳಗಿನಿಂದ ಒಲೆಯ ಮೇಲೆ ಕುದಿದ ಕೆಂಪು ಸಾರು, ಉಂಡೆ ಮಾಂಸ, ಗೈತಾನೊನ ಸೊಸೆ ಮಾಡಿದ್ದು. ಎರಡನೇ ಸಲ ಬಡಿಸಿಕೊಳ್ಳುವಾಗ ನೋರಾ ಕೇಳಿದಳು, ಶ್ರುತಿ ಯಾವುದು ಇಟ್ಟುಕೊಳ್ಳಲಿ ಎಂದು.

"ಐವತ್ತಮೂರರದ್ದೇ," ಎಂದ ಗೈತಾನೊ. "ನಮ್ಮ ಕುಂಪಾನ ಹತ್ರ ಹಾಳೆ ಇದೆ, ಹಾಗ್ಹಾಗೇ ಬರ್ಕೋ ಮಗಳೇ. ಕೇಳು ಅವನನ್ನ. ಒಂದು ಕೂದಲೆಳೆ ಇಳಿಸಿದ್ದೀನಾ?"

ನೋರಾ ಮೆರಿಗೊನ ಕಡೆ ನೋಡಿದಳು. ಅವನ ಬಾಯಲ್ಲಿ ತುತ್ತಿತ್ತು. ತುತ್ತು ನುಂಗಿ ಹೇಳುವಷ್ಟರಲ್ಲಿ ಮಾತು ಬೇರೆ ಕಡೆಗೆ ಹೊರಳಿತ್ತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ನಿಜವೆಂದರೆ ಆ ತುತ್ತನ್ನು ಅವನು ಬಹಳ ಹೊತ್ತು ಅಗಿದ.

ಅವಳಿಗೆ ಗುಟ್ಟಾಗಿ ಫೋನ್ ಮಾಡಿ ಹೇಳುವುದೆಂದು ನಿಶ್ಚಯಿಸಿದ. ಎರಡು ಸಲ ಮಾಡಿದ. ಎರಡು ಸಲವೂ ಯಂತ್ರ ಎತ್ತಿಕೊಂಡು, ಹೇಳುವುದಿದ್ದರೆ ಹೇಳಿ ಎಂದಿತು. ಹದಿನಾಲ್ಕು ವರ್ಷ ಕಾಗದದ ಮೇಲೆ ಬರೆಯದೆ ಇಟ್ಟದ್ದನ್ನು ಟೇಪಿನ ಮೇಲೆ ಬಿಡಲು ಅವನಿಗೆ ಮನಸ್ಸು ಬರಲಿಲ್ಲ. ಹೇಗೂ ಮೊದಲು ಪಿಯಾನೊ ಜೊತೆ ಒಮ್ಮೆ ಹಾಡಿಸಿ ನೋಡಿಯೇ ನೋಡುತ್ತಾಳೆ, ಆಗ ಬೆರಳಲ್ಲೇ ಸರಿಮಾಡಿದರಾಯಿತು ಎಂದುಕೊಂಡ. ಅವಳು ಹಾಡಿಸಿ ನೋಡಲಿಲ್ಲ. ಹಳೆಯ ರೆಕಾರ್ಡು, ಹಳೆಯ ಹಾಳೆ, ಗಾಯಕನ ಮಾತು, ಮೂರೂ ಒಂದನ್ನೇ ಹೇಳುತ್ತಿದ್ದವು. ಇನ್ನು ನೋಡುವುದೇನಿದೆ? ತಪ್ಪು ಅವಳದಲ್ಲ. ಶ್ರುತಿ ಯಾವಾಗಲೂ ತನ್ನ ಬೆರಳ ತುದಿಯಲ್ಲೇ ಇರುತ್ತದೆಂದು ಅಭ್ಯಾಸವಾಗಿಹೋದವನ ತಪ್ಪು. ಇಪ್ಪತ್ತೆರಡು ಜನರ ಮುಂದೆ ಇಪ್ಪತ್ತೆರಡು ಹಾಳೆಗಳಿರುತ್ತವೆ, ಅಷ್ಟೂ ಜನರಿಗೆ ತೊಡೆಯ ಪಕ್ಕದ ಸನ್ನೆ ಕಾಣುವುದಿಲ್ಲ ಎಂದು ಅವನಿಗೆ ಹೊಳೆಯಬೇಕಿತ್ತು.

ತೊಂಬತ್ತನಾಲ್ಕರ ಅಕ್ಟೋಬರ್, ಒಂದು ಮಂಗಳವಾರ, ಬೆಳಗ್ಗೆ ಹತ್ತು ಗಂಟೆ, ಫಿಲಡೆಲ್ಫಿಯಾದಲ್ಲೇ ಒಂದು ಸ್ಟುಡಿಯೊ. ಮೆರಿಗೊ ಪಿಯಾನೊ ಮೇಲಿನ ಹಾಳೆ ತೆರೆದು ಶ್ರುತಿ ನೋಡಿದ: ಐವತ್ತಮೂರರದ್ದೇ. ಆಗಲಾದರೂ ಎದ್ದು ಹೇಳಬಹುದಿತ್ತು. ಅಷ್ಟರಲ್ಲಿ ಗೈತಾನೊ ಬಂದ, ಬೂದುಬಣ್ಣದ ಸೂಟು, ಮದುವೆ ಗಂಡಿನ ಹಾಗೆ. ಅಸುಂತಾಳ ಚೀಟಿಯನ್ನು ಸ್ಟ್ಯಾಂಡಿನ ಮೇಲೆ ಸಿಕ್ಕಿಸಿದ. ವಯಲಿನ್ನಿನವರೆಲ್ಲ ಎದ್ದು ನಿಂತು ಗೌರವ ಕೊಟ್ಟರು. ಕೆಂಪು ದೀಪ ಹತ್ತಿತು. ಯಾರಿಗೆ ಗೊತ್ತು, ಇವತ್ತೊಂದು ದಿನ ಏರಿದರೂ ಏರೀತು ಎಂದು ಮೆರಿಗೊ ದೇವರ ಮೇಲೆ ಭಾರ ಹಾಕಿ ಬಾರಿಸಿದ.

ಮೊದಲ ಚರಣ ಹೇಗೋ ನಡೆಯಿತು. ಎರಡನೆಯದರಲ್ಲಿ ಹೆಗಲು ಮೇಲೇರಿತು. ಕೊನೆಯ ಸಾಲಿಗೆ ಬಂದಾಗ ಧ್ವನಿ ಒಣಗಿದ ಕಡ್ಡಿಯ ಹಾಗೆ ಮುರಿಯಿತು.

ಗೈತಾನೊ ನಕ್ಕ. "ಬೆಳಗ್ಗೆ ಹತ್ತು ಗಂಟೆಗೆ ಪ್ರೇಮಗೀತೆ ಹಾಡೋನು ಹಾಲು ಹಾಕೋನು ಮಾತ್ರ," ಎಂದ. ಎಲ್ಲರೂ ನಕ್ಕರು. ಬಿಸಿನೀರು ತರಿಸಿದರು. ಎರಡನೇ ಸಲ ಅದೇ ಜಾಗದಲ್ಲಿ ಮುರಿಯಿತು. ಮೂರನೇ ಸಲ ಅಲ್ಲಿಗೆ ಬರುವ ಮೊದಲೇ. ನಾಲ್ಕನೇ ಸಲ ಮುಗಿದ ಮೇಲೆ ಯಾರೂ ನಗಲಿಲ್ಲ. ವಾದ್ಯದವರು ತಮ್ಮ ತಮ್ಮ ಹಾಳೆ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗೈತಾನೊ ನೆಲವನ್ನು ದೂರಲಿಲ್ಲ. ಚೀಟಿಯನ್ನು ಮಡಚಿ ಜೇಬಿಗಿಟ್ಟ. ಎಲ್ಲರಿಗೂ ಕ್ಷಮಿಸಿ ಎಂದು ಒಂದು ಮಾತು ಹೇಳಿ, ಟೋಪಿ ಹಾಕಿಕೊಂಡು ಹೊರಗೆ ಹೋದ.

ಮೆರಿಗೊ ಗಾಜಿನ ಕೋಣೆಗೆ ಹೋಗಿ ನೋರಾಳಿಗೆ ಎಲ್ಲ ಹೇಳಿದ. ಅವಳು ಮೊದಲು ನಂಬಲಿಲ್ಲ. ಆಮೇಲೆ ಕೈಯಲ್ಲಿದ್ದ ಪೆನ್ಸಿಲನ್ನು ಮೇಜಿನ ಮೇಲಿಟ್ಟು, "ಎಷ್ಟು ಮನೆ?" ಎಂದು ಕೇಳಿದಳು. ಮೂರು ಎಂದ. ಅವಳು ಬೈಯಲಿಲ್ಲ. ಕೆಲಸದ ಹೆಂಗಸು, ಬೈಯುವುದಕ್ಕೆ ಹೊತ್ತು ಹಾಳುಮಾಡಲಿಲ್ಲ.

"ಫುಸ್ಕೊ ಅವರೇ, ಇದಕ್ಕೆ ಸುಲಭದ ದಾರಿ ಇದೆ," ಎಂದಳು. "ಹಾಳೆ ನಕಲು ಮಾಡೋರು ತಪ್ಪಾಗಿ ಎತ್ತರಕ್ಕೆ ಬರೆದುಬಿಟ್ಟಿದ್ರು ಅಂತ ಹೇಳಿ. ಗುರುವಾರದೊಳಗೆ ನಾನು ಎಲ್ಲಾ ಕೆಳಗೆ ಬರೆದು ತರ್ತೀನಿ. ಅವರು ಬಂದು ಹಾಡ್ತಾರೆ, ಗಂಟಲು ಸರಿ ಇದೆ ಅಂದ್ಕೋತಾರೆ. ಯಾರಿಗೂ ನೋವಿಲ್ಲ."

ಮೆರಿಗೊಗೆ ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು. ಆಗಲಮ್ಮ, ಹಾಗೇ ಹೇಳುತ್ತೇನೆ ಎಂದು ಹೊರಟ. ಮೆಟ್ಟಿಲಿಳಿಯುತ್ತ ಮಾತನ್ನು ಎರಡು ಸಲ ಅಭ್ಯಾಸ ಮಾಡಿಕೊಂಡ.

ಗೈತಾನೊ ಎದುರಿನ ಕಾಫಿ ಅಂಗಡಿಯಲ್ಲಿ ಕೂತಿದ್ದ. ಟೋಪಿ ತೆಗೆದಿರಲಿಲ್ಲ. ಮುಂದೆ ಇಟ್ಟ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಮೆರಿಗೊ ಎದುರಿಗೆ ಕೂತ. ಬಾಯಿ ತೆರೆಯುವ ಮೊದಲೇ ಗೈತಾನೊ ಮಾತು ಶುರುಮಾಡಿದ. ಅವರಿಬ್ಬರೇ ಇದ್ದಾಗ ಅಪ್ಪ ಅಮ್ಮಂದಿರ ಊರಿನ ಭಾಷೆಯಲ್ಲೇ ಮಾತು.

ನಿನ್ನೆ ಸ್ನಾನ ಮಾಡುವಾಗ ಹಾಡಿಕೊಂಡಿದ್ದೆ, ಚೆನ್ನಾಗಿಯೇ ಇತ್ತು ಎಂದ. ಹೋದ ತಿಂಗಳು ಮದುವೆಯಲ್ಲಿ ಹಾಡಿದೆ, ಏನೂ ತೊಂದರೆ ಇರಲಿಲ್ಲ. ಒಂದೇ ರಾತ್ರಿಯಲ್ಲಿ ಹೋಯಿತು. ಅಪ್ಪನ ಕಣ್ಣೂ ಹೀಗೇ ಹೋಗಿದ್ದು, ಒಂದು ಬೆಳಗ್ಗೆ ಎದ್ದರೆ ಕಿಟಕಿ ಕಾಣಲಿಲ್ಲ. ಅವನ ದನಿಯಲ್ಲಿ ಅಳು ಇರಲಿಲ್ಲ. ಸಾವಿನ ಮನೆಯಲ್ಲಿ ದೊಡ್ಡವರು ಮಾತಾಡುವ ಹಾಗೆ ಸಮವಾಗಿ ಮಾತಾಡಿದ.

"ಆಲ್ಬಂ ಬೇಡ ಅಂತ ಆ ಹುಡುಗಿಗೆ ಹೇಳಿಬಿಡು ಕುಂಪಾ. ಒಂದು ಸಮಾಧಾನ ಇದೆ ನಂಗೆ. ಅಸುಂತಾ ಕೇಳ್ದಾಗೆಲ್ಲ ಮುಂದಕ್ಕೆ ಹಾಕ್ದೆ, ನಿಜ. ಆದ್ರೆ ಆಗ ಗಂಟಲು ಕಲ್ಲಿನ ಹಾಗಿತ್ತು. ಹೋಗೋ ಸುಳಿವು ಒಂಚೂರು ಸಿಕ್ಕಿದ್ರೂ ಅವತ್ತೇ ಮಾಡಿಕೊಡ್ತಿದ್ದೆ. ಸುಳಿವೇ ಇರಲಿಲ್ಲ. ಅಷ್ಟು ಮಾತ್ರ ನನ್ನ ತಪ್ಪಲ್ಲ."

ಮೆರಿಗೊ ಅಭ್ಯಾಸ ಮಾಡಿಕೊಂಡು ಬಂದ ಮಾತು ಗಂಟಲಲ್ಲೇ ಇತ್ತು. ನಕಲು ಮಾಡಿದವರ ತಪ್ಪು ಎಂದರೆ ಸಾಕಾಗಿತ್ತು. ಮುದುಕ ನಕ್ಕು ಎದ್ದು ಬರುತ್ತಿದ್ದ. ಆದರೆ ತಪ್ಪು ಎಂಬ ಮಾತು ಎದುರಿಗೆ ಕೂತವನ ಬಾಯಿಂದ ಬಂದುಬಿಟ್ಟಿತ್ತು, ಅದನ್ನು ಮೂರನೆಯವರ ತಲೆಗೆ ಕಟ್ಟಲು ಮೆರಿಗೊಗೆ ಆಗಲಿಲ್ಲ.

"ಒಂದು ರಾತ್ರೀಲಿ ಹೋಗಿಲ್ಲ," ಎಂದ. "ಎಂಬತ್ತರಿಂದ ಇಳೀತಾ ಇದೆ. ನಾನು ಶ್ರುತಿ ಇಳಿಸ್ತಾ ಬಂದೆ."

ಗೈತಾನೊ ಅವನನ್ನೇ ನೋಡಿದ. "ಎಷ್ಟು?"

"ಮೂರು ಮನೆ."

"ಬೇಸ್ ಬಾರಿಸೋರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಎಲ್ಲರಿಗೂ?"

"ಎಲ್ಲರಿಗೂ."

ಗೈತಾನೊ ಚಮಚ ತೆಗೆದು ಕಾಫಿಯ ಕೆನೆಯನ್ನು ಪಕ್ಕಕ್ಕೆ ಸರಿಸಿದ, ಕುಡಿಯಲಿಲ್ಲ. ಕ್ಷೌರದಂಗಡಿಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ ತಾನು ಆಡಿದ ಮಾತುಗಳು ಒಂದೊಂದಾಗಿ ಅವನ ಮುಖದ ಮೇಲೆ ಹಾದುಹೋಗುವುದನ್ನು ಮೆರಿಗೊ ನೋಡುತ್ತ ಕೂತ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಅಸುಂತಾಗೆ?" ಎಂದು ಕೇಳಿದ ಕೊನೆಗೆ.

ಇಲ್ಲ ಎಂದರೆ ಅದು ಸುಳ್ಳಾಗುತ್ತಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲವಲ್ಲ. ಮೆರಿಗೊ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೂಳೆತ್ತಲು ಶುರುಮಾಡಿದವನು ಅರ್ಧಕ್ಕೆ ಬಿಟ್ಟರೆ ಬಾವಿ ಇನ್ನಷ್ಟು ಕೆಡುತ್ತದೆ. ಈಸ್ಟರಿನ ಹಿಂದಿನ ದಿನ, ಅಡುಗೆಮನೆ, ಅವಳು ಕೇಳಿದ್ದು, ತಾನು ಹೇಳಿದ್ದು, ಯಾವುದನ್ನೂ ಬಿಡದೆ ಹೇಳಿದ. ಅದು ಗೈತಾನೊಗೆ ತಿಳಿಯಬೇಕೆಂದು ಹೇಳಿದ್ದೋ, ತನ್ನ ಎದೆ ಹಗುರ ಮಾಡಿಕೊಳ್ಳಲು ಹೇಳಿದ್ದೋ, ಮೆರಿಗೊಗೆ ಇವತ್ತಿಗೂ ಗೊತ್ತಿಲ್ಲ. ಎರಡನೆಯದೇ ಹೆಚ್ಚಿದ್ದೀತು.

ಪಕ್ಕದ ಮೇಜಿಗೆ ಯಾರೋ ಬಂದು, ಮೊಟ್ಟೆ ತಿಂದು, ಎದ್ದು ಹೋದರು.

"ಅದಕ್ಕೇನೆ," ಎಂದ ಗೈತಾನೊ. "ಆ ಹಬ್ಬ ಆದ್ಮೇಲೆ ಅವಳು ಕೇಳೋದೇ ಬಿಟ್ಟುಬಿಟ್ಟಳು. ಅವಳಿಗೆ ಆಸೆ ಹೋಯ್ತು ಅಂದ್ಕೊಂಡಿದ್ದೆ ನಾನು. ಏಳು ವರ್ಷ ಹಾಗೇ ಅಂದ್ಕೊಂಡಿದ್ದೆ."

ಗೈತಾನೊ ಏಳುವಾಗ, ಗುರುವಾರಕ್ಕೆ ನೋರಾ ಎಲ್ಲ ಕೆಳಗೆ ಬರೆದು ತರುತ್ತಾಳೆ ಎಂದು ಮೆರಿಗೊ ಹೇಳಿದ. ಬಾಗಿಲ ತನಕ ಹೋದವನು ತಿರುಗಿ ನಿಂತ. ಗುರುವಾರ ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದ. ಇಂಗ್ಲಿಷಿನಲ್ಲಿ ಕೇಳಿದ.

ಗುರುವಾರ ಹತ್ತಕ್ಕೆ ಸರಿಯಾಗಿ ಬಂದ. ಅದೇ ಸೂಟು. ನೋರಾಳ ಹಾಳೆಗಳು ಎಲ್ಲರ ಮುಂದಿದ್ದವು, ಅವಳ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಗೈತಾನೊ ಮೈಕಿನ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ, "ಫುಸ್ಕೊ, ಇದು ಹಳೇದಕ್ಕಿಂತ ಎಷ್ಟು ಕೆಳಗೆ?" ಎಂದ. ಮೂರು ಮನೆ ಎಂದು ಮೆರಿಗೊ ಹೇಳಿದ. ಎರಡನೇ ಹಾಡಿಗೂ ಕೇಳಿದ. ಮೂರನೆಯದಕ್ಕೂ. ಹತ್ತು ಹಾಡಿಗೆ ಹತ್ತು ಸಲ ಕೇಳಿದ, ಎಲ್ಲದಕ್ಕೂ ಉತ್ತರ ಒಂದೇ ಎಂದು ಗೊತ್ತಿದ್ದೂ. ವಯಲಿನ್ನಿನ ಹಿರಿಯನೊಬ್ಬ ವಿಷಯ ಅರ್ಥವಾಗಿ, ತನ್ನ ಕಮಾನಿನ ತುದಿ ನೋಡುತ್ತ ಕೂತ. ಅವನೂ ತನ್ನ ಕಾಲದಲ್ಲಿ ಯಾರಿಗೋ ಇದೇ ಉಪಕಾರ ಮಾಡಿದ್ದಿರಬೇಕು.

ಧ್ವನಿ ಚೆನ್ನಾಗಿತ್ತು. ಕೆಳಗಿನ ಸ್ವರಗಳಲ್ಲಿ ಅದಕ್ಕೆ ಹಳೆಯ ಮರದ ಬಣ್ಣ ಬಂದಿತ್ತು. ಎರಡು ದಿನ ಹಾಡಿದ. ಪ್ರತಿ ಹಾಡು ಮುಗಿದಾಗಲೂ ಗಾಜಿನ ಹಿಂದಿನಿಂದ ನೋರಾ ತುಂಬ ಚೆನ್ನಾಗಿತ್ತು ಎನ್ನುತ್ತಿದ್ದಳು. ಗೈತಾನೊ ಅತ್ತ ತಿರುಗದೆ ಪಿಯಾನೊದ ಕಡೆ ತಿರುಗಿ, ಹೇಗಿತ್ತು ಎಂದು ಕೇಳುತ್ತಿದ್ದ. ಹದಿನಾಲ್ಕು ವರ್ಷ ಚೆನ್ನಾಗಿತ್ತು ಎಂದೇ ಹೇಳಿದ ಬಾಯಿ ಮೆರಿಗೊನದು. ಈಗ, ಎರಡನೇ ಸಾಲು ಎಳೆಯಿತು ಎಂದ. ಇನ್ನೊಂದಕ್ಕೆ, ಉಸಿರು ಸಾಲಲಿಲ್ಲ ಎಂದ. ಪ್ರತಿ ಸಲವೂ ಯಾರದೋ ಮೂಳೆ ಮುರಿದ ಹಾಗೆ ಅವನಿಗೇ ಆಗುತ್ತಿತ್ತು. ಗೈತಾನೊ ತಲೆಯಾಡಿಸಿ ಮತ್ತೆ ಹಾಡುತ್ತಿದ್ದ.

ಶುಕ್ರವಾರ ಮಧ್ಯಾಹ್ನ ಕೊನೆಯ ಹಾಡು. ಅಸುಂತಾಳ ಚೀಟಿಯಲ್ಲಿ ಅದೇ ಮೊದಲನೆಯದು; ಅವನು ಕೊನೆಗೆ ಉಳಿಸಿಕೊಂಡಿದ್ದ. ವಾದ್ಯಗಳೆಲ್ಲ ಬೇಡ, ಪಿಯಾನೊ ಒಂದೇ ಸಾಕು ಎಂದ. ವಾದ್ಯದವರು ಯಾರೂ ಹೊರಗೆ ಹೋಗಲಿಲ್ಲ, ಕೂತಲ್ಲೇ ಕೂತು ಕೇಳಿದರು. ಮೊದಲ ಸಲ ಕೊನೆಯ ಸಾಲು ಕುಸಿಯಿತು, ಮೆರಿಗೊ ಹಾಗೆಂದು ಹೇಳಿದ. ಎರಡನೇ ಸಲ ನಡುವೆ ಒಂದು ಮಾತು ನಡುಗಿತ್ತು, ಅದನ್ನೂ ಹೇಳಿದ. ಮೂರನೇ ಸಲಕ್ಕಿಂತ ನಾಲ್ಕನೆಯದು ಚೆನ್ನಾಗಿತ್ತು. ಹತ್ತು ವರ್ಷದ ಹಿಂದೆ ಇದೇ ಹಾಡು ಈ ಗಂಟಲಲ್ಲಿ ಹೇಗಿರುತ್ತಿತ್ತು ಎಂದು ಈ ಲೋಕದಲ್ಲಿ ತಿಳಿದವನು ಮೆರಿಗೊ ಒಬ್ಬನೇ. ನಾಲ್ಕನೆಯದು ಅದರ ಅರ್ಧವೂ ಇರಲಿಲ್ಲ. ಅರ್ಧವಿಲ್ಲದಿದ್ದರೂ ಕೂತವರಲ್ಲಿ ಇಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಹೇಗಿತ್ತು?" ಎಂದ ಗೈತಾನೊ.

"ಇದಕ್ಕಿಂತ ಚೆನ್ನಾಗಿ ಇನ್ನು ಬರಲ್ಲ," ಎಂದ ಮೆರಿಗೊ. "ಇದನ್ನೇ ಇಟ್ಕೋ."

ಗೈತಾನೊ ಮೈಕಿನಿಂದ ಹಿಂದೆ ಸರಿದ. ಬಹಳ ಮೆಲ್ಲಗೆ, ಊರಿನ ಭಾಷೆಯಲ್ಲಿ, "ಇಷ್ಟೇ ತಾನೇ," ಎಂದ. "ಅವಳಿಗೆ ಇಷ್ಟು ಹೇಳಿದ್ರೆ ಆಗ್ತಿತ್ತು."

ಆಮೇಲೆ ಎಲ್ಲ ವಾದ್ಯದವರ ಹತ್ತಿರ ಹೋಗಿ ಒಬ್ಬೊಬ್ಬರ ಕೈ ಕುಲುಕಿದ. ಮೆರಿಗೊನ ಕೈಯನ್ನೂ ಕುಲುಕಿದ, ಇಪ್ಪತ್ತೆರಡು ಜನರಲ್ಲಿ ಒಬ್ಬನ ಕೈ ಕುಲುಕಿದ ಹಾಗೆ. ನೋರಾಳ ಕೆನ್ನೆಗೆ ಮುತ್ತಿಟ್ಟು ಹೊರಟ. ಮೆರಿಗೊ ಕೋಟು ಹಾಕಿಕೊಂಡು ಕೆಳಗಿಳಿಯುವಷ್ಟರಲ್ಲಿ ಬಾಗಿಲ ಬಳಿ ಅವನಿರಲಿಲ್ಲ.

ಗೈತಾನೊ ಕಾರು ಓಡಿಸಲು ಕಲಿತವನಲ್ಲ. ನಲವತ್ತಮೂರು ವರ್ಷ ಎಲ್ಲಿ ಹಾಡಿದರೂ ಅವನನ್ನು ಮನೆಗೆ ಬಿಡುತ್ತಿದ್ದವನು ಮೆರಿಗೊ. ಬ್ರಾಡ್ ಬೀದಿಗೆ ಬಂದಾಗ ಬಸ್ಸಿಗೆ ಕಾಯುವವರ ನಡುವೆ ಬೂದುಬಣ್ಣದ ಸೂಟು ಕಂಡಿತು. ಒಂದು ಕೈಯಲ್ಲಿ ಟೋಪಿ ಹಿಡಿದುಕೊಂಡು ನಿಂತಿದ್ದ. ಮೆರಿಗೊ ಕಾರು ಪಕ್ಕಕ್ಕೆ ತಂದು, ವಾಲಿ ಆ ಕಡೆಯ ಬಾಗಿಲು ತೆರೆದ. ಗೈತಾನೊ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಮುಂದೆ ಬಂದು ಬಾಗಿಲನ್ನು ಮೆಲ್ಲಗೆ ಮುಚ್ಚಿ, ಸರಿಯಾಗಿ ಹಾಕಿಕೊಂಡಿತೋ ಇಲ್ಲವೋ ಎಂದು ಒಮ್ಮೆ ಒತ್ತಿ ನೋಡಿ, ಹೋಗು ಎಂದು ಕೈಬೀಸಿದ.

ಹಿಂದಿನ ಗಾಡಿಗಳು ಹಾರ್ನ್ ಹೊಡೆಯಲು ಶುರುಮಾಡಿದವು. ಮೆರಿಗೊ ಹೊರಟ.